2008ರ ಆಲ್ಟೊ, ಊರಲ್ಲಿ ಲೀಟರಿಗೆ ಬರೀ 12 ಕಿಲೋಮೀಟರ್. ಪೆಟ್ರೋಲ್ ಎಲ್ಲಿ ಹೋಗ್ತಿದೆ?

ಕೌಲ್ ಬಜಾರ್ ಹೊಲಿಗೆ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನನ್ನದು 2008ರ ಆಲ್ಟೊ, ಪೆಟ್ರೋಲ್, 796 ಸಿಸಿ. ಅಪ್ಪ ಕೊಂಡ ಗಾಡಿ. ಮೀಟರ್ 1 ಲಕ್ಷ 18 ಸಾವಿರ ತೋರಿಸುತ್ತಿದೆ. ಹದಿನೈದು ವರ್ಷ ತುಂಬಿದಾಗ ಆರ್‌ಟಿಒಗೆ ಅಲೆದು ಆರ್‌ಸಿಯನ್ನು ಮತ್ತೆ 5 ವರ್ಷಕ್ಕೆ ಮಾಡಿಸಿಕೊಂಡಿದ್ದೇನೆ. ಹಾಗಾಗಿ "ಮಾರಿಬಿಡಿ" ಅನ್ನೋ ಸಲಹೆ ಬೇಡ.

ನನ್ನದು ಜೀನ್ಸ್ ಹೊಲಿಸುವ ಕೆಲಸ. ಆರು ಮಷೀನಿನ ಸಣ್ಣ ಯೂನಿಟ್. ಹೊಲಿದ ಪ್ಯಾಂಟುಗಳನ್ನು ವಾಶಿಂಗಿಗೆ ಒಯ್ಯಬೇಕು, ಒಣಗಿದ್ದನ್ನು ತರಬೇಕು, ಮಧ್ಯೆ ಜಿಪ್ ಮುಗೀತು, ಗುಂಡಿ ಮುಗೀತು ಅಂತ ಓಡಬೇಕು. ದಿನಕ್ಕೆ ನಾಲ್ಕೈದು ಸಲ, ಸಲಕ್ಕೆ ಮೂರ್ನಾಲ್ಕು ಕಿಲೋಮೀಟರ್. ವಾರಕ್ಕೊಮ್ಮೆ ಸಿರುಗುಪ್ಪದ ಅಂಗಡಿಗಳಿಗೆ ಮಾಲು. ಹಿಂದಿನ ಸೀಟು ಮಡಚಿ 120 ಪ್ಯಾಂಟ್ ತುಂಬುತ್ತೇನೆ, ಹೆಚ್ಚುಕಮ್ಮಿ 70 ಕೆಜಿ. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡ ಹಾಗೆ, ಅಷ್ಟೇ.

ಅಪ್ಪ ಗಾಡಿಯಲ್ಲಿ ಒಂದು ಡೈರಿ ಇಟ್ಟಿದ್ದರು. ಪೆಟ್ರೋಲ್ ಹಾಕಿಸಿದಾಗಲೆಲ್ಲ ಮೀಟರ್ ಎಷ್ಟು, ಲೀಟರ್ ಎಷ್ಟು, ಪಕ್ಕದಲ್ಲಿ ಒಂದು ಮಾತು. "ಮಂತ್ರಾಲಯ, 19.8, ಎಸಿ ಇಲ್ಲ." "ಊರಲ್ಲೇ, 17." "ಮದುವೆ, ಐದು ಜನ, 15.5, ಅತ್ತಿಗೆ ಎಸಿ ಆರಿಸಲು ಬಿಡಲಿಲ್ಲ." ಹೀಗೆ ಹನ್ನೊಂದು ವರ್ಷ ಬರೆದಿದ್ದಾರೆ.

ಅವರು ಹೋದ ಮೇಲೆ ಡೈರಿ ನಿಂತಿತ್ತು. ಹೋದ ತಿಂಗಳು ಮತ್ತೆ ಬರೆಯೋಕೆ ಶುರು ಮಾಡಿದೆ, ಡೈರಿಯಲ್ಲಿ ಅಲ್ಲ, ಪ್ಯಾಂಟಿಗೆ ಕಟ್ಟುವ ಸೈಜ್ ಟ್ಯಾಗಿನ ಹಿಂದೆ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ 322 ಕಿಲೋಮೀಟರ್, ಕುಡಿದದ್ದು 26 ಲೀಟರ್. ಅಂದರೆ 12.4! ಮನೆಯಲ್ಲಿ ಹೇಳಿದರೆ "ನೀನು ಓಡಿಸೋ ರೀತಿ ಹಾಗಿದೆ" ಅಂತಾಳೆ ಹೆಂಡತಿ.

ಏರ್ ಫಿಲ್ಟರ್, ಆಯಿಲ್, ಪ್ಲಗ್ ಎಲ್ಲ ಹೊಸದು. ಎಸಿ ಮಧ್ಯಾಹ್ನ ಮಾತ್ರ. ನಾಲ್ಕೂ ಟೈರ್ ಹೋದ ವರ್ಷ ಬದಲಿಸಿದೆ. ಹೋದ ಬೇಸಿಗೆಯಲ್ಲಿ ಗಡಿಗಿ ಚನ್ನಪ್ಪ ಸರ್ಕಲ್ ಹತ್ತಿರ ಒಮ್ಮೆ ಹೀಟ್ ಆಗಿ ನಿಂತಿತ್ತು. ಒಬ್ಬ ಮೆಕ್ಯಾನಿಕ್ ಸರಿ ಮಾಡಿಕೊಟ್ಟರು, ಆಮೇಲೆ ಒಂದು ದಿನವೂ ಹೀಟ್ ಆಗಿಲ್ಲ. ಇದು ಇ20 (ನೂರಕ್ಕೆ 20 ಭಾಗ ಎಥೆನಾಲ್ ಬೆರೆಸಿದ) ಪೆಟ್ರೋಲಿನ ಪ್ರಭಾವವಾ, ಬಂಕಿನವರು ಕಡಿಮೆ ಹಾಕ್ತಾರಾ, ಅಥವಾ ಗಾಡಿಗೆ ವಯಸ್ಸಾಯ್ತಾ?

ಭತ್ತದ ಗದ್ದೆ (ಸಿಂಧನೂರು)

ಮಾರಿಬಿಡಿ ಅನ್ನಬಾರದು ಅಂದ್ರಿ, ಬಾಯಿ ಮುಚ್ಚಿಕೊಂಡೆ ನೋಡ್ರಿ. ಎಲ್ಲ ಇ20 ಮಹಿಮೆ ಅಣ್ಣಾ. ಬೆಳಿಗ್ಗೆ ಆರಕ್ಕೇ ಹೋಗಿ ಹಾಕಿಸಿ, ತಂಪಿನಲ್ಲಿ ಪೆಟ್ರೋಲ್ ಗಟ್ಟಿಯಿರುತ್ತೆ, ಜಾಸ್ತಿ ಬರುತ್ತೆ. ನಾನು ಹಾಗೇ ಮಾಡೋದು.

ಲೆಕ್ಕದ ಮೇಷ್ಟ್ರು (ಕೊಪ್ಪಳ)

ಮೊದಲು ಇ20 ಲೆಕ್ಕ ಮುಗಿಸೋಣ. ಒಂದು ಲೀಟರ್ ಎಥೆನಾಲ್‌ನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿ. ನೂರಕ್ಕೆ 20 ಭಾಗ ಬೆರೆಸಿದರೆ ಒಟ್ಟು 6-7ರಷ್ಟು ಕಡಿಮೆ. ನೀತಿ ಆಯೋಗದ 2021ರ ವರದಿಯಲ್ಲೂ ನಿಮ್ಮಂಥ ಹಳೇ ಕಾರಿಗೆ ಇದೇ 6-7 ಪರ್ಸೆಂಟ್ ಕೊಟ್ಟಿದ್ದಾರೆ. ಅಪ್ಪನ ಡೈರಿಯ ಊರೊಳಗಿನ 17ರಲ್ಲಿ 7 ಪರ್ಸೆಂಟ್ ಕಳೆಯಿರಿ, 15.8 ಉಳಿಯಿತು. ನಿಮಗೆ ಬರುತ್ತಿರುವುದು 12.4. ಅಂದರೆ ಒಂದು ಲೀಟರಿಗೆ 1.2 ಕಿಲೋಮೀಟರನ್ನು ಎಥೆನಾಲ್ ತಿಂದಿದೆ. ಮಿಕ್ಕ 3.4 ಬೇರೆ ಯಾರೋ ತಿಂದಿದ್ದಾರೆ. ಎಲ್ಲವನ್ನೂ ಇ20 ತಲೆಗೆ ಕಟ್ಟಿದರೆ ಆ ಬೇರೆಯವರು ಆರಾಮಾಗಿ ತಪ್ಪಿಸಿಕೊಳ್ಳುತ್ತಾರೆ.

ಸಿಂಧನೂರಿನ ಅಣ್ಣನವರಿಗೆ: ಪೆಟ್ರೋಲ್ 10 ಡಿಗ್ರಿ ಬಿಸಿಯಾದರೆ ನೂರಕ್ಕೆ ಒಂದರಷ್ಟು ಹಿಗ್ಗುತ್ತದೆ, ನಿಜ. ಆದರೆ ಬಂಕಿನ ಟ್ಯಾಂಕ್ ಇರುವುದು ನೆಲದೊಳಗೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿ ಅಂಥ ವ್ಯತ್ಯಾಸವೇ ಆಗುವುದಿಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಕಂಪನಿಯವರು ಹೇಳಿದ ಮೈಲೇಜ್ ಜೊತೆ ಹೋಲಿಸದೆ ಅಪ್ಪನ ಡೈರಿ ಜೊತೆ ಹೋಲಿಸಿದ್ದು ಒಳ್ಳೆಯದಾಯಿತು. ಕಂಪನಿ ಅಂಕಿ ಬರುವುದು ಲ್ಯಾಬಿನಲ್ಲಿ ರೋಲರ್ ಮೇಲೆ ಗಾಡಿ ಓಡಿಸಿ. ಅಲ್ಲಿ ಎಸಿ ಇಲ್ಲ, ಅದಿರು ಲಾರಿ ಇಲ್ಲ, ರಸ್ತೆ ಮೇಲೆ ಭತ್ತ ಒಣಹಾಕಿರುವುದಿಲ್ಲ.

ಒಂದು ಪ್ರಶ್ನೆ. ಟೈರ್ ಬದಲಿಸಿದೆ ಅಂದಿರಿ. ಅದೇ ಸೈಜಾ?

ಕೌಲ್ ಬಜಾರ್ ಹೊಲಿಗೆ

ಮೇಷ್ಟ್ರೇ, ಈಗಲೇ ಕೆಳಗಿಳಿದು ನೋಡಿ ಬಂದೆ. ಬಾಗಿಲ ಸ್ಟಿಕ್ಕರ್‌ನಲ್ಲಿ 145/80 ಆರ್12 ಅಂತಿದೆ. ಹಾಕಿರುವುದು 155/80. ಅಂಗಡಿಯವರು "ಇದು ಗಟ್ಟಿ ಸರ್, ಹಳ್ಳದಲ್ಲಿ ತಳ ಬಡಿಯಲ್ಲ" ಅಂದಿದ್ದರು. ತಲೆ ಆಡಿಸಿದ್ದೆ.

ಲೆಕ್ಕದ ಮೇಷ್ಟ್ರು (ಕೊಪ್ಪಳ)

ಹಾಗಾದರೆ ನಿಮ್ಮ ಮೀಟರೇ ಸುಳ್ಳು ಹೇಳುತ್ತಿದೆ. ದೊಡ್ಡ ಟೈರ್ ಒಂದು ಸುತ್ತಿಗೆ 3 ಪರ್ಸೆಂಟ್ ಜಾಸ್ತಿ ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಾಗುವುದಿಲ್ಲ. ಸಿರುಗುಪ್ಪ ರಸ್ತೆಯ ಹಳದಿ ತಲೆಯ ಕಿಲೋಮೀಟರ್ ಕಲ್ಲು ಹಿಡಿದು ನೋಡಿ. 20 ಕಲ್ಲು ದಾಟುವಷ್ಟರಲ್ಲಿ ಮೀಟರ್ 19.4ರ ಹತ್ತಿರ ಓಡಿರಬೇಕು. ಹಾಗಿದ್ದರೆ ನಿಮ್ಮ 12.4 ನಿಜವಾಗಿ 12.8. ಇನ್ನೂ 3 ಕಿಲೋಮೀಟರ್ ನಾಪತ್ತೆ.

ಗ್ರೀಸ್ ಕೈ (ರಾಯಚೂರು)

ಲೆಕ್ಕ ಮೇಷ್ಟ್ರು ಹೇಳಿದ್ದಾರೆ, ನಾನು ಕೈಯ ಮಾತು ಹೇಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ಸ್ಟೇಷನ್ ರಸ್ತೆ ಕಡೆ ಇದೇ ಕೆಲಸ.

ನಿಮ್ಮ ಬರಹದಲ್ಲಿ ನನ್ನ ಕಣ್ಣು ನಿಂತದ್ದು "ಆಮೇಲೆ ಒಂದು ದಿನವೂ ಹೀಟ್ ಆಗಿಲ್ಲ" ಅನ್ನೋ ಮಾತಿನ ಮೇಲೆ. ಸರ, ಅರ್ಧ ಗಂಟೆ ಓಡಿಸಿದ ಮೇಲೆ ಟೆಂಪರೇಚರ್ ಮುಳ್ಳು ಎಲ್ಲಿರುತ್ತದೆ? ನಡುವಿಗೆ ಬರುತ್ತಾ, ಕೆಳಗೇ ಇರುತ್ತಾ?

ಕೌಲ್ ಬಜಾರ್ ಹೊಲಿಗೆ

ಕೆಳಗಿನ ಗೆರೆ ದಾಟಿ ಸ್ವಲ್ಪ. ಎಷ್ಟು ಓಡಿಸಿದರೂ ಅಲ್ಲೇ. ಗಾಡಿ ತಂಪಾಗಿದೆ ಅಂತ ನಾನು ಖುಷಿಯಾಗಿದ್ದೆನಲ್ಲ ಅಣ್ಣಾ!

ಗ್ರೀಸ್ ಕೈ (ರಾಯಚೂರು)

ಸಿಕ್ಕಿತು ಬಿಡಿ. ಥರ್ಮೋಸ್ಟಾಟ್ ತೆಗೆದು ಒಗೆದಿದ್ದಾರೆ.

ಥರ್ಮೋಸ್ಟಾಟ್ ಅಂದರೆ ಇಂಜಿನ್‌ಗೂ ರೇಡಿಯೇಟರ್‌ಗೂ ನಡುವೆ ಇರುವ ಒಂದು ಬಾಗಿಲು. ಒಳಗೆ ಮೇಣ ಇರುತ್ತದೆ. ನೀರು 82 ಡಿಗ್ರಿ ಆಸುಪಾಸಿಗೆ ಬಂದಾಗ ಮೇಣ ಉಬ್ಬಿ ಬಾಗಿಲು ತೆರೆಯುತ್ತದೆ. ಅಲ್ಲಿಯ ತನಕ ನೀರು ಇಂಜಿನ್ ಒಳಗೇ ಸುತ್ತಿ ಬೇಗ ಬಿಸಿಯಾಗುತ್ತದೆ. ನಮ್ಮ ಕಡೆ ಗಾಡಿ ಹೀಟ್ ಅಂತ ಬಂದರೆ ಸಾಕು, ಮೊದಲು ಇದನ್ನೇ ಕಿತ್ತು ಹಾಕುತ್ತಾರೆ. "ನಮ್ಮೂರ ಬಿಸಿಲಿಗೆ ಇದ್ಯಾಕ ಬೇಕ್ರಿ" ಅನ್ನೋ ಮಾತು ಬೇರೆ. ನಾನೂ ಮೊದಲು ಹತ್ತಾರು ಗಾಡಿಗೆ ಹಾಗೆ ಮಾಡಿದವನೇ, ಸುಳ್ಳು ಹೇಳಲ್ಲ. ಆದರೆ ಮೇ ತಿಂಗಳ 42 ಡಿಗ್ರಿ ನಮಗೆ ಬೆಂಕಿ, ಇಂಜಿನ್‌ಗೆ ಅದು ತಂಪು ಗಾಳಿ.

ಬಾಗಿಲೇ ಇಲ್ಲದಿದ್ದರೆ ಏನಾಗುತ್ತದೆ? ನೀರು ಸದಾ ರೇಡಿಯೇಟರ್‌ಗೆ ಓಡುತ್ತದೆ. ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಸೆನ್ಸರ್ ಇಸಿಎಂಗೆ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿಗೆ, "ಇನ್ನೂ ತಣ್ಣಗಿದೆ" ಅಂತ ಹೇಳುತ್ತದೆ. ಇಸಿಎಂ ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸುರಿಯುವ ಹಾಗೆ. ನೀವೋ ಓಡಿಸುವುದು ಮೂರ್ನಾಲ್ಕು ಕಿಲೋಮೀಟರ್ ತುಂಡು ತುಂಡು. ಗಾಡಿ ಇಡೀ ದಿನ ಬೆಳಿಗ್ಗೆಯಲ್ಲೇ ಇದೆ ಸರ. ಪ್ಲಗ್ ಬಿಚ್ಚಿ ನೋಡಿ, ತುದಿ ಇಟ್ಟಂಗಿ ಬಣ್ಣಕ್ಕಿರಬೇಕು. ದೀಪದ ಕಾಡಿಗೆ ಹಿಡಿದ ಹಾಗೆ ಕಪ್ಪಗಿದ್ದರೆ ನನ್ನ ಮಾತು ಖರೆ.

ಬಿಚ್ಚದೇ ನೋಡಬೇಕು ಅಂದರೆ: ಬೆಳಿಗ್ಗೆ ಗಾಡಿ ಪೂರ್ತಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಪೈಪ್ ಮುಟ್ಟುತ್ತಾ ಇರಿ. ಫ್ಯಾನ್ ಯಾವಾಗ ಬೇಕಾದರೂ ತಿರುಗಬಹುದು, ಕೈ ದೂರ ಇಡಿ. ಥರ್ಮೋಸ್ಟಾಟ್ ಇದ್ದರೆ ಪೈಪ್ ಕೆಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗುತ್ತದೆ. ಇಲ್ಲದಿದ್ದರೆ ಮೊದಲಿಂದಲೇ ನಿಧಾನಕ್ಕೆ ಬೆಚ್ಚಗಾಗುತ್ತಾ ಹೋಗುತ್ತದೆ.

ಹೊಸದು ಹಾಕಿಸುವ ಮೊದಲು ಅವತ್ತು ಹೀಟ್ ಯಾಕೆ ಆಯಿತು ಅಂತ ಹುಡುಕಿಸಿ. ಬೋರ್ ನೀರು ತುಂಬಿದ್ದರೆ ರೇಡಿಯೇಟರ್ ಒಳಗೆ ಬಿಳಿ ಸುಣ್ಣ ಕಟ್ಟಿರುತ್ತದೆ. ಇನ್ನೊಂದು, ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ನಡುವೆ ಕೈ ಹತ್ತಿರ ಹಿಡಿದು ನೋಡಿ. ಒಂದು ಮಾತ್ರ ಜಾಸ್ತಿ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ನಿಮ್ಮೂರ ಕೆಂಪು ಧೂಳು ಬ್ರೇಕ್ ಒತ್ತುವ ಕ್ಯಾಲಿಪರ್‌ನ ಪಿನ್ನಿನಲ್ಲಿ ಕೂತರೆ ಬಿಡಲ್ಲ.

ಭತ್ತದ ಗದ್ದೆ (ಸಿಂಧನೂರು)

ನಾನು ಬೆಳಿಗ್ಗೆ ಆರಕ್ಕೆ ಏಳೋದು ನಿಲ್ಲಿಸಬಹುದಾ ಹಾಗಾದ್ರೆ?

ಕೌಲ್ ಬಜಾರ್ ಹೊಲಿಗೆ

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಯೂನಿಟ್‌ನಲ್ಲಿ ಹಬ್ಬದ ಆರ್ಡರ್ ಇತ್ತು, ತಡವಾಯಿತು.

ಪೈಪ್ ಮುಟ್ಟಿದೆ. ಮೊದಲಿಂದಲೇ ಉಗುರುಬೆಚ್ಚಗೆ. ಪ್ಲಗ್ ಬಿಚ್ಚಿದರೆ ಬೆರಳಿಗೆ ಮಸಿ. ನಮ್ಮ ಕಟಿಂಗ್ ಮಾಸ್ಟರ್ ನೋಡಿ "ಇದನ್ನ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಡಬಹುದು" ಅಂದ. ಬೇರೆ ಗ್ಯಾರೇಜಿಗೆ ಒಯ್ದೆ. ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಬಿಚ್ಚಿದರು, ಒಳಗೆ ಖಾಲಿ. ಒಂದು ತುಕ್ಕಿನ ಉಂಗುರದ ಗುರುತು ಬಿಟ್ಟರೆ ಏನೂ ಇಲ್ಲ. ಹೋದ ಬೇಸಿಗೆಯ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ, ಜಗಳಕ್ಕಲ್ಲ, ಸುಮ್ನೆ ಕೇಳೋಣ ಅಂತ. "ಹೌದ್ರಿ ತೆಗೆದೀನಿ, ಆಮ್ಯಾಲೆ ಹೀಟ್ ಆತೇನು?" ಅಂದ. ಆಗಿಲ್ಲ ಅಂದೆ. "ಮತ್ತ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತಿನ ಹೀಟಿಗೆ ನಿಜವಾದ ಕಾರಣ ಫ್ಯಾನ್ ರಿಲೇ, ಅಂದರೆ ರೇಡಿಯೇಟರ್ ಫ್ಯಾನಿಗೆ ಕರೆಂಟ್ ಕೊಡುವ ಸ್ವಿಚ್. ಒಮ್ಮೊಮ್ಮೆ ಕೈಕೊಡುತ್ತಿತ್ತು. ಒಂದು ವರ್ಷ ಇಂಜಿನ್ ತಣ್ಣಗೇ ಇದ್ದದ್ದರಿಂದ ಫ್ಯಾನ್ ತಿರುಗುವ ಪ್ರಸಂಗವೇ ಹೆಚ್ಚು ಬಂದಿಲ್ಲ, ಹಾಗಾಗಿ ಗೊತ್ತೇ ಆಗಿಲ್ಲ. ರೇಡಿಯೇಟರ್ ನೀರು ಹೊರಗೆ ಬಿಟ್ಟಾಗ ಅಕ್ಕಿ ತೊಳೆದ ನೀರಿನ ಹಾಗಿತ್ತು. ತೊಳೆಸಿ ಕೂಲೆಂಟ್ ಹಾಕಿಸಿದೆ, ಥರ್ಮೋಸ್ಟಾಟ್ ಹೊಸದು, ರಿಲೇ ಹೊಸದು. ಮುಂದಿನ ಎಡಗಡೆ ಚಕ್ರವೂ ಕಾಯುತ್ತಿತ್ತು, ಪಿನ್ ಬಿಚ್ಚಿ ಗ್ರೀಸ್ ಹಾಕಿದರು. ಜಾಕ್ ಮೇಲೆ ಎತ್ತಿ ಚಕ್ರ ತಿರುಗಿಸಿದರೆ ಮೊದಲು ಅರ್ಧ ಸುತ್ತಿಗೆ ನಿಲ್ಲುತ್ತಿತ್ತು, ಈಗ ಎರಡು ಸುತ್ತು ಹಾಕುತ್ತದೆ. ಎಲ್ಲ ಸೇರಿ ಎರಡು ಸಾವಿರದ ಒಳಗೆ ಮುಗಿಯಿತು.

ಈಗ ಮುಳ್ಳು ನಡುವಿಗೆ ಸ್ವಲ್ಪ ಕೆಳಗೆ ಬಂದು ನಿಲ್ಲುತ್ತದೆ. ಮೊದಲ ದಿನ ಅದು ಮೇಲೇರುತ್ತಿದ್ದರೆ ಎದೆ ಢವಢವ ಅಂತಿತ್ತು. ಮೋತಿ ಸರ್ಕಲ್‌ನಲ್ಲಿ ಸಿಗ್ನಲ್‌ಗೆ ನಿಂತಾಗ ಫ್ಯಾನ್ ಶಬ್ದ ಕೇಳಿದ ಮೇಲೇ ಉಸಿರು ಬಿಟ್ಟೆ.

ಲೆಕ್ಕ. ಮೊದಲ ಟ್ಯಾಂಕ್: 398 ಕಿಲೋಮೀಟರ್, 26.1 ಲೀಟರ್. ಮೇಷ್ಟ್ರ ಟೈರಿನ 3 ಪರ್ಸೆಂಟ್ ಸೇರಿಸಿದರೆ 15.7. ಎರಡನೆಯದು, ಅದರಲ್ಲಿ ಸಿರುಗುಪ್ಪ ಮೂರು ಸಲ: 412, 25.8 ಲೀಟರ್, ಸೇರಿಸಿ 16.4. ಕಿಲೋಮೀಟರ್ ಕಲ್ಲೂ ಎಣಿಸಿದೆ ಮೇಷ್ಟ್ರೇ. ತೆಕ್ಕಲಕೋಟೆ ಹತ್ತಿರ ಎರಡು ಕಲ್ಲು ಹುಲ್ಲಿನಲ್ಲಿ ಮುಚ್ಚಿಹೋಗಿವೆ, ಅಂದಾಜಿನ ಮೇಲೆ ಹೋದೆ. 20ಕ್ಕೆ 19.5 ತೋರಿಸಿತು.

ಇವನ್ನು ಟ್ಯಾಗಿನ ಹಿಂದೆ ಬರೆದಿಲ್ಲ. ಡೈರಿಯಲ್ಲಿ ಬರೆದೆ.

ಲೆಕ್ಕದ ಮೇಷ್ಟ್ರು (ಕೊಪ್ಪಳ)

15.8 ಅಂತ ಹೇಳಿದ್ದೆ, 15.7 ಬಂತು. 0.1 ಕಿಲೋಮೀಟರ್ ನಿಮ್ಮ ಹೆಂಡತಿಯ ಮಾತಿಗೆ ಬಿಟ್ಟುಕೊಡಿ.

ಗ್ರೀಸ್ ಕೈ (ರಾಯಚೂರು)

ಭಾಳ ಸಂತೋಷ ಸರ. ಪೆಟ್ರೋಲಿನ ರಬ್ಬರ್ ಪೈಪುಗಳನ್ನೂ ಒಮ್ಮೆ ಹಿಚುಕಿ ನೋಡಿ. ಹಳೇ ಗಾಡಿಯ ರಬ್ಬರಿಗೆ ಎಥೆನಾಲ್ ಆಗಿಬರಲ್ಲ. ಮೆತ್ತಗಾಗಿದ್ದರೆ, ಸೀಳಿದ್ದರೆ ಬದಲಿಸಿಬಿಡಿ.

ಭತ್ತದ ಗದ್ದೆ (ಸಿಂಧನೂರು)

ಅಣ್ಣಾ, ನಮ್ಮ ಹಳೇ ಡೀಸೆಲ್ ಜೀಪಿನ ಮುಳ್ಳು ಅಂತೂ ಏಳೋದೇ ಇಲ್ಲ. ನಾನು ಮೀಟರ್ ಕೆಟ್ಟಿದೆ ಅಂದುಕೊಂಡಿದ್ದೆ.

ಗ್ರೀಸ್ ಕೈ (ರಾಯಚೂರು)

ನಾಳೆ ಬೆಳಿಗ್ಗೆ ಹೇಗೂ ಆರಕ್ಕೆ ಏಳ್ತೀರಲ್ಲ. ಬಂಕಿಗೆ ಹೋಗಬೇಡಿ, ಬಾನೆಟ್ ಎತ್ತಿ ಮೇಲಿನ ಪೈಪ್ ಮುಟ್ಟಿ ನೋಡಿ ಬರೆಯಿರಿ.