ಮಗಳ ಮೊಣಕೈ ಎರಡನೇ ಸಲ ಜಾರಿದೆ, ಕಟ್ಟು ಹಾಕಿಸಬೇಕಾ? ಅನುಭವ ಇರುವವರು ಹೇಳಿ

ದಾವಣಗೆರೆ ಅಮ್ಮ:
ಮಗಳಿಗೆ ಎರಡೂವರೆ ವರ್ಷ. ಮೂರು ತಿಂಗಳ ಹಿಂದೆ ಬಸ್ ಹತ್ತಿಸುವಾಗ ನಾನೇ ಎಡಗೈ ಹಿಡಿದು ಎಳೆದಿದ್ದೆ, ಮೊಣಕೈ ಜಾರಿತು. ನಿನ್ನೆ ಸ್ವೆಟರ್ ಬಿಚ್ಚುವಾಗ ಮತ್ತೆ ಅದೇ ಕೈ. ಡಾಕ್ಟರು ಎರಡೇ ನಿಮಿಷದಲ್ಲಿ ತಿರುಗಿಸಿ ಕೂರಿಸಿದರು. ಅತ್ತೆ ಮಾತ್ರ ಪುತ್ತೂರು ಕಟ್ಟು (ಆಂಧ್ರದ ಪುತ್ತೂರಿನ ನಾಟಿ ವೈದ್ಯರು ಮೂಳೆ, ಕೀಲಿಗೆ ಹಾಕುವ ಕಟ್ಟು) ಹಾಕಿಸಲೇಬೇಕು ಅಂತ ಪಟ್ಟು ಹಿಡಿದಿದ್ದಾರೆ. ಕಟ್ಟು ಬೇಕಾ? ಇದು ಎಷ್ಟು ವರ್ಷ ಹೀಗೇ?

ಮಂಡ್ಯದವಳು:
ನಮ್ಮ ಕಥೆ ಕೇಳಿ. ಮಗನಿಗೆ ಆಗ ಎರಡು ವರ್ಷ. ಭಾನುವಾರ ಸಂಜೆ ನಾನೊಂದು ಕೈ, ಅವರಪ್ಪ ಒಂದು ಕೈ ಹಿಡಿದು ಉಯ್ಯಾಲೆ ಆಡಿಸುತ್ತಿದ್ದೆವು. ಚೀರಿದ. ಅಳು ಬೇಗ ನಿಂತಿತು, ಆದರೆ ಕೈಯನ್ನು ಸ್ವಲ್ಪ ಮಡಚಿ ಹೊಟ್ಟೆಗೆ ಒತ್ತಿಕೊಂಡು ಕೂತುಬಿಟ್ಟ. ಊತ ಇಲ್ಲ. ಬಿಸ್ಕತ್ತು ತೋರಿಸಿದರೆ ಇನ್ನೊಂದು ಕೈ ಚಾಚುತ್ತಾನೆ. ಆಟೋಗೆ 180, ಆಸ್ಪತ್ರೆ ಚೀಟಿಗೆ 700, ಎಕ್ಸ್‌ರೇಗೆ 900, ಕಾದದ್ದು ಮೂರೂವರೆ ಗಂಟೆ. ಎಕ್ಸ್‌ರೇ ತೆಗೆಯುವ ಹುಡುಗ ಅಂಗೈ ಮೇಲೆ ಬರುವ ಹಾಗೆ ಕೈ ತಿರುಗಿಸಿ ಇಡುತ್ತಿದ್ದಂತೆ ಟಕ್ ಅಂತು, ತಾನಾಗೇ ಕೂತಿತು! ಹತ್ತು ನಿಮಿಷಕ್ಕೆ ಅದೇ ಕೈಯಲ್ಲಿ ನನ್ನ ಕನ್ನಡಕ ಕಿತ್ತ. ಅಷ್ಟಾದ ಮೇಲೂ ಕೈಗೆ ಜೋಳಿಗೆ ಅಂತ 350 ತಗೊಂಡರು, ವಾಪಸ್ ಬರಲು ಆಟೋ ರಾತ್ರಿ ರೇಟು 270. ಒಟ್ಟು 2,400. ಎಳೆದದ್ದು, ಬಿದ್ದಿಲ್ಲ ಅಂತ ಹತ್ತು ಸಲ ಹೇಳಿದ್ದೆ. ಯಾರೊಬ್ಬರೂ ಮೊದಲು ಕೈ ಮುಟ್ಟಿ ನೋಡಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಸನದ ಮೇಷ್ಟ್ರು:
900 ರೂಪಾಯಿ ಎಕ್ಸ್‌ರೇಗೆ ಹೊಟ್ಟೆ ಉರಿಯುತ್ತಾ? ನನ್ನ ಮಗ ಆರು ವರ್ಷದವನಿದ್ದಾಗ ಸೀಬೆ ಮರದಿಂದ ಬಿದ್ದ. ಪಕ್ಕದ ಮನೆಯವರು ಕೀಲು ಜಾರಿದೆ ಅಷ್ಟೇ ಅಂತ ಎಣ್ಣೆ ಹಚ್ಚಿ ನೀವಿದರು. ಅವನು ಕಿರುಚಿದ್ದು ಇನ್ನೂ ನನ್ನ ಕಿವಿಯಲ್ಲಿದೆ. ರಾತ್ರಿ ಹೊತ್ತಿಗೆ ಮೊಣಕೈ ಬದನೆಕಾಯಿ ಥರ ಊದಿ ನೀಲಿಯಾಗಿತ್ತು. ಮೊಣಕೈಗಿಂತ ಸ್ವಲ್ಪ ಮೇಲೆ ತೋಳಿನ ಮೂಳೆ ಮುರಿದಿತ್ತು. ಆಪರೇಷನ್, ಎರಡು ತಂತಿ, 64,000 ರೂಪಾಯಿ. ನಾಲ್ಕನೇ ವಾರ ತಂತಿ ತೆಗೆದರು. ಕೈ ಪೂರ್ತಿ ಚಾಚಲು ಐದು ತಿಂಗಳು ಹಿಡಿಯಿತು, ಒಂದೂ ದಿನ ಬಿಡದೆ ನಾನೇ ವ್ಯಾಯಾಮ ಮಾಡಿಸಿದೆ. ಮಗು ಬಿದ್ದಿದ್ದರೆ, ಕೈ ಊದಿದ್ದರೆ ಯಾರೂ ತಿರುಗಿಸಬೇಡಿ, ನೀವಬೇಡಿ.

ಮಂಡ್ಯದವಳು:
ಸರ್, ನನ್ನ ಮಗ ಬಿದ್ದಿಲ್ಲ ಅಂತ ಬರೆದಿದ್ದೇನೆ. ಪೂರ್ತಿ ಓದಿ ಆಮೇಲೆ ಬೈಯಿರಿ.

ಕೋಲಾರದ ಅಪ್ಪ:
ನಮ್ಮ ತಾತನ ಕಾಲದಿಂದ ಕೈಕಾಲಿಗೆ ಏನಾದರೂ ಪುತ್ತೂರೇ. ಮಗಳಿಗೆ ಮೂರು ವರ್ಷವಿದ್ದಾಗ ಹೀಗೇ ಆಯಿತು. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಸೊಪ್ಪಿನ ಔಷಧಿ, ಮೊಟ್ಟೆ, ಬಿದಿರು ಕಡ್ಡಿ, ಬಟ್ಟೆ. ಕಟ್ಟಿಗಿಂತ ಡೀಸೆಲ್‌ಗೇ ಜಾಸ್ತಿ ಖರ್ಚು. ವಾಪಸ್ ಬರುವಾಗ ಕಾರಿನಲ್ಲೇ ಬೆರಳು ಆಡಿಸುತ್ತಾ ಹಾಡು ಹೇಳುತ್ತಿದ್ದಳು. ಹಿರಿಯರ ಮಾತಿಗೆ ಬೆಲೆ ಕೊಡಿ.

ಶಿವಮೊಗ್ಗದ ಸೋದರತ್ತೆ:
ಕಟ್ಟುವ ಮೊದಲು ಕೈ ತಿರುಗಿಸುತ್ತಾರಲ್ಲ, ಆಗಲೇ ಕೀಲು ಕೂತಿರುತ್ತದೆ. ನಮ್ಮಣ್ಣನ ಮಗ ಬಿದ್ದು ಕೈ ಊದಿದ್ದಾಗ ಊರ ಹತ್ತಿರದ ಒಬ್ಬ ನಾಟಿ ವೈದ್ಯರು ಬಿಗಿಯಾಗಿ ಕಟ್ಟಿ ಕಳಿಸಿದರು. ಬೆರಳು ನೋವು ಅಂತ ಮಗು ರಾತ್ರಿಯಿಡೀ ಅತ್ತ. ಔಷಧಿ ಹಿಡಿಯುತ್ತಿದೆ ಅಂದುಕೊಂಡೆವು. ಬೆಳಿಗ್ಗೆ ಬೆರಳು ತಣ್ಣಗೆ, ಬೆಳ್ಳಗೆ. ರಕ್ತ ಓಡದೆ ಸ್ನಾಯು ಸತ್ತಿತ್ತು. ಈಗ ಅವನಿಗೆ 11. ಬೆರಳುಗಳು ಒಳಗೆ ಮಡಚಿಕೊಂಡೇ ಇವೆ. ಸ್ಕೂಲ್ ಅಂಗಿಯ ಗುಂಡಿ ಇವತ್ತಿಗೂ ಅವನಮ್ಮ ಹಾಕುತ್ತಾಳೆ.

ಕೋಲಾರದ ಅಪ್ಪ:
ಯಾರೋ ಒಬ್ಬರು ತಪ್ಪು ಮಾಡಿದರೆ ಎಲ್ಲರಿಗೂ ಮಸಿ ಬಳಿಯಬೇಡಿ. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಗಿಯಾದದ್ದೇ ಇಲ್ವಾ?

ಶಿವಮೊಗ್ಗದ ಸೋದರತ್ತೆ:
ಇರಬಹುದು. ನೋವು ಅಂದರೆ ಬನ್ನಿ, ಬಿಚ್ಚುತ್ತೇವೆ ಅಂತ ಹೇಳಿ ಕಳಿಸುತ್ತಾರೆ. ನಮಗೆ ಯಾರೂ ಹೇಳಲಿಲ್ಲ.

ಮೈಸೂರು, ಇಬ್ಬರು ಗಂಡುಮಕ್ಕಳ ತಾಯಿ:
ದೊಡ್ಡವನಿಗೆ ನಾಲ್ಕು ಸಲ ಜಾರಿದೆ. ಮೂರನೇ ಸಲ ಮಕ್ಕಳ ಡಾಕ್ಟರು ನನ್ನ ಕೈಯಲ್ಲೇ ಮಾಡಿಸಿ ಕಲಿಸಿದರು. ಮೊಣಕೈ ಹಿಡಿದು, ಅಂಗೈ ಕೆಳಮುಖವಾಗುವಂತೆ ತಿರುಗಿಸಿದರೆ ನನ್ನ ಹೆಬ್ಬೆರಳಿಗೇ ಟಕ್ ಅನ್ನುವುದು ತಾಕಿತು. ಮೂಳೆಯ ತುದಿ ಸುತ್ತ ಇರುವ ಪಟ್ಟಿ ಈ ವಯಸ್ಸಲ್ಲಿ ಸಡಿಲವಂತೆ, ಎಳೆದಾಗ ಜಾರಿ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಐದು ವರ್ಷದ ಹೊತ್ತಿಗೆ ಗಟ್ಟಿಯಾಗುತ್ತದೆ ಅಂದಿದ್ದರು, ಹಾಗೇ ಆಯಿತು. ನಾಲ್ಕನೇ ಸಲ ಮದುವೆ ಮನೆಯಲ್ಲಿ, ಊಟಕ್ಕೆ ಎಲೆ ಹಾಕುವಷ್ಟರಲ್ಲಿ ನಾನೇ ಕೂರಿಸಿದೆ.

ಹಾಸನದ ಮೇಷ್ಟ್ರು:
ಇದನ್ನು ಓದಿ ಯಾರಾದರೂ ಮುರಿದ ಕೈ ತಿರುಗಿಸಿದರೆ? ದಯವಿಟ್ಟು ಅಳಿಸಿ.

ಮೈಸೂರು, ಇಬ್ಬರು ಗಂಡುಮಕ್ಕಳ ತಾಯಿ:
ಡಾಕ್ಟರು ಎದುರಿಗೆ ನಿಂತು ಕಲಿಸಿದ್ದು ಸರ್. ಅಳಿಸುವುದಿಲ್ಲ. ನಾಲ್ಕರಲ್ಲಿ ಮೂರು ಸಲ ಎಳೆದದ್ದು ನಮ್ಮ ಮಾವ. ಕಂಕುಳಿಗೆ ಕೈ ಕೊಟ್ಟು ಎತ್ತಿ ಅಂದರೆ, ನಾವೇನು ಮಕ್ಕಳನ್ನು ಸಾಕಿಲ್ವಾ ಅಂತಾರೆ.

ಕೋಲಾರದ ಅಪ್ಪ:
ಈಗ ಮಾವನ ಮೇಲೆ ಬಂತು. ದಿನವೆಲ್ಲಾ ಮೊಮ್ಮಗನನ್ನು ನೋಡಿಕೊಳ್ಳುವುದು ಯಾರು?

ಮೈಸೂರು, ಇಬ್ಬರು ಗಂಡುಮಕ್ಕಳ ತಾಯಿ:
ನಾನೇ. ಅದಕ್ಕೇ ಕೆಲಸ ಬಿಟ್ಟು ಎರಡು ವರ್ಷವಾಯಿತು. ಗೊತ್ತಿಲ್ಲದೆ ಮಾತಾಡಬೇಡಿ.

ದಾವಣಗೆರೆ ಅಮ್ಮ:
ಜಗಳ ಬೇಡ, ಪ್ಲೀಸ್. ನಾನು ಕೇಳಿದ್ದು ಕಟ್ಟು ಬೇಕಾ ಅಂತ. ಮಗಳು ಈಗ ಎರಡೂ ಕೈಯಲ್ಲಿ ರೊಟ್ಟಿ ಮುರಿದು ತಿನ್ನುತ್ತಿದ್ದಾಳೆ.

ಶಿವಮೊಗ್ಗದ ಸೋದರತ್ತೆ:
ರೊಟ್ಟಿ ಮುರಿಯುವ ಕೈಗೆ ಕಟ್ಟು ಯಾಕಮ್ಮಾ? ಅತ್ತೆಯವರನ್ನು ಕರೆದು ಅದನ್ನೇ ತೋರಿಸು. ಸ್ವೆಟರ್ ಮುಂದೆ ಗುಂಡಿ ಇರುವುದು ತಾ.

ಕೋಲಾರದ ಅಪ್ಪ:
ಒಂದು ಸಲ ಹೋಗಿ ಬಂದರೆ ಗಂಟೇನು ಹೋಗುತ್ತದೆ?