ಹೊಸ ತಂತ್ರಜ್ಞಾನಕ್ಕೆ ಸಲಹೆಗಾರರನ್ನು ಇಟ್ಟುಕೊಂಡವರು ಯಾರಾದರೂ ಇದ್ದೀರಾ?

ನಮ್ಮದು ಯಂತ್ರಗಳ ಬಿಡಿಭಾಗ ಮಾರುವ ವ್ಯಾಪಾರ, 40 ಜನ ಕೆಲಸಕ್ಕಿದ್ದಾರೆ. ಒಂದು ಸಲಹಾ ಸಂಸ್ಥೆಯವರು ಬಂದು, "ಎಐ, ಸೆನ್ಸರ್ ಎಲ್ಲ ಸೇರಿ ನಿಮ್ಮ ವ್ಯಾಪಾರವನ್ನೇ ಬುಡಮೇಲು ಮಾಡುತ್ತವೆ, ಅಷ್ಟರೊಳಗೆ ನಿಮ್ಮನ್ನು ತಯಾರು ಮಾಡುತ್ತೇವೆ" ಅಂದರು. 6 ತಿಂಗಳ ಕೆಲಸ, ಅರ್ಧ ದುಡ್ಡು ಮುಂಗಡ. ಅಪ್ಪ ಬೇಡವೇ ಬೇಡ ಅನ್ನುತ್ತಾರೆ. ನನಗೆ ಹಿಂದೆ ಬೀಳುತ್ತೇವೇನೋ ಅನ್ನುವ ಭಯ. ಅನುಭವ ಇದ್ದವರು ಹೇಳಿ.

ಉತ್ತರ 1
ನಾನು ಕೈ ಸುಟ್ಟುಕೊಂಡವನು. ನಮ್ಮದು ಪ್ಯಾಕಿಂಗ್ ಪೆಟ್ಟಿಗೆ ತಯಾರಿಕೆ. ಬಂದ ಸಲಹೆಗಾರರು ಮೊದಲ ದಿನವೇ ಫೋಟೋ ಫಿಲ್ಮ್ ಮಾಡುತ್ತಿದ್ದ ಕೊಡಾಕ್ ಕಂಪನಿಯ ಕಥೆ ಹೇಳಿದರು. 1975ರಲ್ಲಿ ಅಲ್ಲಿನ ಇಂಜಿನಿಯರ್ ಸ್ಟೀವನ್ ಸ್ಯಾಸನ್ನೇ ಡಿಜಿಟಲ್ ಕ್ಯಾಮೆರಾ ಮಾಡಿದ್ದರು, ಕಂಪನಿ ಫಿಲ್ಮ್ ಬಿಡಲಿಲ್ಲ, 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಕಥೆ ನಿಜವೇ. ಅದಕ್ಕೆ ಹೆದರಿ ಅವತ್ತೇ ಸಹಿ ಹಾಕಿದ್ದು ನಮ್ಮ ತಪ್ಪು.

4 ತಿಂಗಳಾದ ಮೇಲೆ 90 ಸ್ಲೈಡ್ ಕೊಟ್ಟರು. ಸರಕಿನ ಲೆಕ್ಕಕ್ಕೆ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳಲ್ಲಿ ಒಂದೇ ಲೆಕ್ಕವನ್ನು ತಿದ್ದಲಾಗದ ಹಾಗೆ ಇಡುವ ವ್ಯವಸ್ಥೆ) ಬೇಕಂತೆ! ನಮ್ಮ ಆರ್ಡರ್‌ಗಳು 3 ಎಕ್ಸೆಲ್ ಫೈಲಿನಲ್ಲಿದ್ದವು, ಮೂರರಲ್ಲೂ ಲೆಕ್ಕ ಬೇರೆ ಬೇರೆ. ಮೊದಲು ಸರಿಯಾಗಬೇಕಿದ್ದದ್ದು ಅದು. ಹಾಗೆಂದು ಹೇಳಿದವನು ಗೋದಾಮಿನ ಹುಡುಗ. ಅವನನ್ನು ಆ ಸಂಸ್ಥೆಯವರು ಒಂದು ಮಾತೂ ಕೇಳಿರಲಿಲ್ಲ. ಅವರು ಸೂಚಿಸಿದ ಸಾಫ್ಟ್‌ವೇರ್ ಮಾರಿದರೆ ಅವರಿಗೆ ಕಮಿಷನ್ ಸಿಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ನೀವು ಇದನ್ನು ಮೊದಲೇ ಕೇಳಿ. ಉತ್ತರ ಬರಹದಲ್ಲೇ ಇರಲಿ.

ಉತ್ತರ 2
ಕೊಡಾಕ್ ಕಥೆ ಹೇಳುವವರು ಫ್ಯೂಜಿಫಿಲ್ಮ್ ಸುದ್ದಿ ಎತ್ತುವುದು ಕಡಿಮೆ. ಅದೂ ಫಿಲ್ಮನ್ನೇ ನಂಬಿದ್ದ ಕಂಪನಿ. ಫಿಲ್ಮಿಗಾಗಿ ಕೊಲಾಜನ್ (ನಮ್ಮ ಚರ್ಮದಲ್ಲೂ ಇರುವ ಪ್ರೋಟೀನ್) ಬಗ್ಗೆ ಕಲಿತದ್ದನ್ನು ಮುಖದ ಕ್ರೀಮಿಗೆ ತಿರುಗಿಸಿತು, ಎಲ್‌ಸಿಡಿ ಪರದೆಗೆ ಬೇಕಾದ ಫಿಲ್ಮ್ ಮಾಡಿತು, ಉಳಿಯಿತು.

ನಮಗೆ ಸಿಕ್ಕ ಸಲಹೆಗಾರ್ತಿ ಕೇಳಿದ್ದೂ ಅದನ್ನೇ: "ನಿಮ್ಮ ಕೈಯಲ್ಲಿ ಈಗ ಏನಿದೆ?" ಎರಡು ವಾರ ಸರ್ವಿಸ್ ಕೌಂಟರಿನಲ್ಲೇ ಕೂತಿದ್ದರು. ನಮ್ಮ ಹತ್ತಿರ ಹಳೆಯ ದೂರು ಪುಸ್ತಕಗಳ ರಾಶಿ ಇತ್ತು, ಸುಮ್ನೆ ಧೂಳು ತಿನ್ನುತ್ತಿತ್ತು. ಯಾವ ಭಾಗ ಯಾವಾಗ ಕೆಡುತ್ತದೆ ಅಂತ ಅದರಿಂದಲೇ ಅಂದಾಜು ಮಾಡಲು ಹೊರಟೆವು, ಅದೂ ಒಂದೇ ಬಗೆಯ ಪಂಪಿಗೆ. ಶುರುವಿಗೆ ಮೊದಲು, ಒಂದು ದೂರು ಮುಗಿಯಲು ಎಷ್ಟು ದಿನ ಹಿಡಿಯುತ್ತದೆ ಅಂತ ಬರೆಸಿಟ್ಟರು. ಆ ಲೆಕ್ಕ ಇಲ್ಲದಿದ್ದರೆ ಲಾಭವಾಯಿತೋ ಇಲ್ಲವೋ ಹೇಳುವುದು ಹೇಗೆ, ಅಲ್ವಾ? ನಾನು ಆಸೆಪಟ್ಟಿದ್ದ ಚಾಟ್‌ಬಾಟ್ ಮಾತ್ರ "ಈಗ ಬೇಡ" ಅಂದುಬಿಟ್ಟರು. ನನಗೆ ಅವರ ಮೇಲೆ ನಂಬಿಕೆ ಬಂದದ್ದೇ ಆಗ.

ಉತ್ತರ 3
ಇಂಥ ಸಂಸ್ಥೆಯಲ್ಲಿ ಕೆಲಸ ಮಾಡಿದ್ದೇನೆ. ಮಾತಾಡಲು ಹಿರಿಯರು ಬರುತ್ತಾರೆ, ಕೆಲಸಕ್ಕೆ ಹೊಸಬರು. ಯಾರು ಎಷ್ಟು ದಿನ ಕೂರುತ್ತಾರೆ ಅನ್ನುವುದು ಒಪ್ಪಂದದಲ್ಲಿರಲಿ. ನಿಮ್ಮ ಡೇಟಾ ಅವರು ಹೋದ ಮೇಲೆ ಯಾರದು ಅನ್ನುವುದೂ.

ಇನ್ನೊಂದು. ಬುಡಮೇಲು ಅನ್ನುವ ಮಾತು ಈಗ ಎಲ್ಲದಕ್ಕೂ ಬಳಸುತ್ತಾರೆ. ಹಾರ್ವರ್ಡ್ ಪ್ರಾಧ್ಯಾಪಕರಾದ ಬೋವರ್ ಮತ್ತು ಕ್ರಿಸ್ಟೆನ್ಸನ್ 1995ರಲ್ಲಿ ಇದರ ಬಗ್ಗೆ ಬರೆದಾಗ ಅರ್ಥ ಬೇರೆಯೇ ಇತ್ತು. ಹೊಸದು ಮೊದಮೊದಲು ಕಳಪೆಯಾಗಿಯೇ ಕಾಣುತ್ತದೆ, ದೊಡ್ಡ ಕಂಪನಿಯ ಒಳ್ಳೆಯ ಗಿರಾಕಿಗೆ ಬೇಡವಾಗಿರುತ್ತದೆ. ಬೇರೆ ಯಾರೋ ಸಣ್ಣ ಗಿರಾಕಿ ಅದನ್ನು ಕೊಳ್ಳುತ್ತಾನೆ. ಸುಧಾರಿಸುತ್ತಾ ಸುಧಾರಿಸುತ್ತಾ ಮೇಲಕ್ಕೆ ಬರುತ್ತದೆ. ಹಾಗಾಗಿ ನೀವು ಯಾವ ಗಿರಾಕಿಯನ್ನು "ಇಷ್ಟು ಚಿಕ್ಕ ಆರ್ಡರ್ ಬೇಡ" ಅಂತ ವಾಪಸ್ ಕಳಿಸುತ್ತಿದ್ದೀರಿ, ಅವರು ಈಗ ಎಲ್ಲಿ ಕೊಳ್ಳುತ್ತಿದ್ದಾರೆ ನೋಡಿ. ಅದಕ್ಕೆ ಸಲಹೆಗಾರರು ಬೇಕಿಲ್ಲ.

ಕೇಳಿದವರಿಂದ
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಗೋದಾಮಿನ ಹುಡುಗನ ಮಾತು ಬಂದಾಗ ಜೋರಾಗಿ ನಕ್ಕರು. 6 ತಿಂಗಳ ಬದಲು 6 ವಾರ, ಒಂದೇ ಕೆಲಸ ಅಂತ ಕೇಳುತ್ತಿದ್ದೇನೆ. ಕಮಿಷನ್ ಪ್ರಶ್ನೆ ಇವತ್ತೇ ಕಳಿಸಿದೆ, ಇನ್ನೂ ಉತ್ತರ ಬಂದಿಲ್ಲ.