ಸಾಕವ್ವನಿಗೂ ಗುಲಾಬಿಗೂ ನಡುವಿನ ಉಮಾಶ್ರೀ: ಒಂದು ಚರ್ಚೆ

ರಂಗಾಸಕ್ತ: ದೇವನೂರ ಮಹಾದೇವರ ಕಿರುಕಾದಂಬರಿ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿಯವರು ರಂಗಕ್ಕೆ ತಂದಾಗ ಸಾಕವ್ವನಾಗಿದ್ದವರು ಉಮಾಶ್ರೀ. ಕಾಣೆಯಾದ ಹುಂಜಕ್ಕಾಗಿ ಹಲುಬುತ್ತ, ಶಪಿಸುತ್ತ ಅಲೆಯುವ ಆ ಮುದುಕಿಯನ್ನು ಕಂಡವರು ಮರೆಯಲಾರರು. ಅಂಥ ಕಲಾವಿದೆಯನ್ನು ಚಿತ್ರರಂಗವು ವರ್ಷಗಟ್ಟಲೆ ದ್ವಂದ್ವಾರ್ಥದ ಹಾಸ್ಯಕ್ಕೆ ಕಟ್ಟಿಹಾಕಿತು. ಇದು ಪ್ರತಿಭೆಯ ಅಪವ್ಯಯವಲ್ಲದೆ ಮತ್ತೇನು?

ಗಾಂಧಿಕ್ಲಾಸಿನವ: ಹವ್ಯಾಸಿ ರಂಗಭೂಮಿ ಹೆಸರು ಕೊಟ್ಟೀತು, ಮನೆಬಾಡಿಗೆ ಕಟ್ಟುವುದಿಲ್ಲ. ಕಾಶಿನಾಥರ ‘ಅನುಭವ’ (1984) ತೆರೆಗೆ ಬಂದ ಮೇಲೆ ಅವರಿಗೆ ಸಿಕ್ಕಿದ್ದು ನಾಡಿನ ಮೂಲೆಮೂಲೆಯ ಪ್ರೇಕ್ಷಕ. ಇನ್ನು ‘ಪುಟ್ನಂಜ’ದ (1995) ಪುಟ್ಮಲ್ಲಿಯನ್ನು ನೆನೆಯಿರಿ. 1957ರಲ್ಲಿ ಹುಟ್ಟಿದ ನಟಿ, ನಲವತ್ತು ತುಂಬುವ ಮೊದಲೇ, ನಾಯಕನ ಅಜ್ಜಿಯಾಗಿ ಇಡೀ ಚಿತ್ರವನ್ನು ತನ್ನತ್ತ ಎಳೆದುಕೊಂಡರು. ಮುದುಕಿಯ ಆ ನಡಿಗೆ, ಆ ಗತ್ತು ರಂಗದ ಮೇಲೆ ಪಳಗಿ ಬಂದದ್ದಲ್ಲವೇ?

ರಂಗಾಸಕ್ತ: ಪುಟ್ಮಲ್ಲಿಯ ಬಗ್ಗೆ ನನ್ನ ತಕರಾರಿಲ್ಲ, ಏಕೆಂದರೆ ಆಕೆ ಕಥೆಯ ಒಳಗಿದ್ದಾಳೆ. ನಾನು ಹೇಳುತ್ತಿರುವುದು ಕಥೆಗೆ ಸಂಬಂಧವೇ ಇಲ್ಲದೆ, ಕತ್ತರಿಸಿ ತೆಗೆದರೂ ಯಾರಿಗೂ ಗೊತ್ತಾಗದಂತೆ ಹೊಲಿದು ಸೇರಿಸುತ್ತಿದ್ದ ಹಾಸ್ಯದ ತುಣುಕುಗಳ ಬಗ್ಗೆ.

ಹಳೆಯ ಓದುಗಾರ್ತಿ: ಆ ತುಣುಕುಗಳನ್ನು ಬರೆದವರು ಯಾರು, ಬರೆಸಿದವರು ಯಾರು ಎಂದು ಯಾರೂ ಕೇಳುವುದಿಲ್ಲ, ಜೋಡಿಯಾಗಿ ನಟಿಸಿದ ಗಂಡಸರು ‘ಹಾಸ್ಯ ನಟರು’ ಎನಿಸಿಕೊಂಡು ಗೌರವದಿಂದಲೇ ಉಳಿದರೆ, ಅದೇ ಮಾತಿಗೆ ಮಾತು ಕೊಟ್ಟ ಹೆಂಗಸಿನ ಮೇಲೆ ಮಾತ್ರ ಅಪವ್ಯಯದ ಲೆಕ್ಕ ಬೀಳುತ್ತದೆ. ಇನ್ನೊಂದು ಮಾತು. ‘ಒಡಲಾಳ’ದಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಇಡೀ ಮನೆಮಂದಿ ರಾತ್ರಿ ಕೂತು ತಿಂದು ಮುಗಿಸುವ ಪ್ರಸಂಗವಿದೆಯಲ್ಲ, ಅದರಲ್ಲಿ ಹಸಿವೂ ನಗುವೂ ಒಂದೇ ಒಲೆಯ ಮುಂದೆ ಕೂತಿವೆ. ನಗಿಸಲು ಬಾರದ ನಟಿ ಸಾಕವ್ವನಾಗಲು ಸಾಧ್ಯವೇ ಇರಲಿಲ್ಲ.

ಕರಾವಳಿಯವ: ‘ಗುಲಾಬಿ ಟಾಕೀಸ್’ (2008) ಬಿಟ್ಟು ಈ ಚರ್ಚೆ ಪೂರ್ತಿಯಾಗದು. ವೈದೇಹಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ಈ ಚಿತ್ರದಲ್ಲಿ ಉಮಾಶ್ರೀಯವರದು ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಪಾತ್ರ. ಹೆರಿಗೆ ಮಾಡಿಸಿದ ಋಣಕ್ಕೆ ಮನೆಗೆ ಟಿ.ವಿ. ಬರುತ್ತದೆ, ಅದರ ಮುಂದೆ ಊರಿನ ಹೆಂಗಸರು ನೆರೆಯುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಅದೇ ಊರು ಅವಳನ್ನು ಹೊರಗಿನವಳಂತೆ ನೋಡತೊಡಗುತ್ತದೆ. ಗಟ್ಟಿ ದನಿಯಿಂದಲೇ ಹೆಸರಾದ ನಟಿ ಇಲ್ಲಿ ದನಿಯನ್ನು ತಗ್ಗಿಸಿ, ಬರೀ ನೋಟದಿಂದ ಪಾತ್ರವನ್ನು ನಡೆಸಿದ್ದಾರೆ. ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಇದಕ್ಕೇ.

ರಂಗಾಸಕ್ತ: ನನ್ನ ವಾದಕ್ಕೆ ನೀವೇ ಸಾಕ್ಷಿ ಒದಗಿಸಿದಿರಿ. ಐವತ್ತು ದಾಟಿದ ಮೇಲೆ ಬಂದ ಈ ಪಾತ್ರ ಇಪ್ಪತ್ತು ವರ್ಷ ಮೊದಲೇ ಏಕೆ ಬರಲಿಲ್ಲ?

ಗಾಂಧಿಕ್ಲಾಸಿನವ: ಆ ಪ್ರಶ್ನೆಯನ್ನು ನಿರ್ಮಾಪಕರಿಗೆ ಕೇಳಿ, ನಟಿಗಲ್ಲ. 2013ರಲ್ಲಿ ತೇರದಾಳದಿಂದ ಗೆದ್ದು ಸಚಿವೆಯಾಗಿ, ಕನ್ನಡ ಮತ್ತು ಸಂಸ್ಕೃತಿ ಖಾತೆಯನ್ನೂ ನಿಭಾಯಿಸಿದ ಮೇಲೆ ಅವರು ಬಣ್ಣ ಹಚ್ಚುವ ಅಗತ್ಯವೇನೂ ಇರಲಿಲ್ಲ. ಆದರೂ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೆಸ್ ನಡೆಸುವ ತಾಯಿಯಾದರು, ‘ಶರ್ಮಿಷ್ಠೆ’ ಏಕವ್ಯಕ್ತಿ ಪ್ರಯೋಗದೊಂದಿಗೆ ರಂಗಕ್ಕೂ ಮರಳಿದರು.

ಹಳೆಯ ಓದುಗಾರ್ತಿ: ‘ಶರ್ಮಿಷ್ಠೆ’ಯನ್ನು ನೋಡಿ ಬಂದು ರಂಗಾಸಕ್ತರು ಮತ್ತೆ ಬರೆಯಲಿ. ಇಡೀ ನಾಟಕವನ್ನು ಒಬ್ಬಳೇ ಹೊರುವ ಆ ಕಸುವು, ದಿನಕ್ಕೊಂದು ಚಿತ್ರೀಕರಣವೆಂದು ಓಡಾಡಿದ ಆ ವರ್ಷಗಳಲ್ಲಿ ಸವೆಯಿತೋ ಬೆಳೆಯಿತೋ ಎಂಬುದನ್ನು ಅಲ್ಲಿಯೇ ನೋಡಬಹುದು.